ಹಟ್ಟಿಯಲ್ಲಿ ಉಳಿದ ಹಗ್ಗ

ನನ್ನ ಹೆಸರು ಬೇಬಿ. ನಿವೃತ್ತಿಯ ಹೊಸ್ತಿಲಲ್ಲಿರುವ ಹೆಡ್ ಕಾನ್‌ಸ್ಟೆಬಲ್‌ಗೆ ಇದೆಂಥ ಹೆಸರು ಎಂದು ನಗುವವರು ನಗಲಿ, ಇಟ್ಟವಳು ನಾನಲ್ಲ. ಜಾನುವಾರು ಕಳವು ಮತ್ತು ಪಶು ಆರೋಗ್ಯ ನಿಯಮಗಳ ಉಲ್ಲಂಘನೆಯನ್ನು ತನಿಖೆ ಮಾಡುವ ಬಗ್ಗೆ ಮಣಿಪಾಲದಲ್ಲಿ ತರಬೇತಿಯಿದೆ, ಠಾಣೆಗೊಬ್ಬರನ್ನು ಕಳುಹಿಸಿ ಎಂದು ಮೇಲಿನಿಂದ ಆದೇಶ ಬಂದಾಗ ನಮ್ಮಲ್ಲಿ ಎಲ್ಲರಿಗೂ ಒಮ್ಮೆಲೇ ಕೆಲಸ ಹುಟ್ಟಿಕೊಂಡಿತು. ಒಬ್ಬನಿಗೆ ಬಂದೋಬಸ್ತು, ಇನ್ನೊಬ್ಬನಿಗೆ ಮಗುವಿನ ನಾಮಕರಣ, ಮತ್ತೊಬ್ಬನಿಗೆ ಸೊಂಟನೋವು. "ಬೇಬಿ ಮೇಡಂ ಹೋಗಲಿ. ಅವರಿಗೆ ಮನೆಯಲ್ಲಿ ಕಾಯುವವರು ಯಾರೂ ಇಲ್ಲ ಅಲ್ವಾ" ಎಂದು ಯಾರೋ ಅಂದರು. ಅಂದವರಿಗೆ ಅದು ಬರೀ ಅನುಕೂಲದ ಮಾತು. ನಾನೂ ಆಯ್ತೆಂದು ಬ್ಯಾಗು ಹೆಗಲಿಗೇರಿಸಿದೆ. ಸಿಟ್ಟು ಬಸ್ಸು ಹತ್ತಿದ ಮೇಲೆ ಬಂತು.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಪುವಿನಲ್ಲಿ ನಾನಿರುವುದು ಮಹಡಿಯ ಮೇಲಿನ ಬಾಡಿಗೆ ಮನೆ. ಕೆಳಗಿನವರು ಒಳ್ಳೆಯವರೇ, ಆದರೆ ನಾನು ಮೆಟ್ಟಿಲಿಳಿಯುವ ಸದ್ದಿಗೆ ಅವರ ಮಾತು ನಿಂತುಹೋಗುತ್ತದೆ. ಖಾಕಿ ಹಾಕಿದವಳ ಎದುರು ಜನ ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ಬೇಕಾದ್ದಕ್ಕಿಂತ ಹೆಚ್ಚು ಸಾಚಾ ಆಗುತ್ತಾರೆ. ಖಾಕಿ ಬಿಚ್ಚಿಟ್ಟ ಮೇಲೂ ಅದು ಬದಲಾಗಲಿಲ್ಲ. ಎಷ್ಟೋ ರಜೆಯ ದಿನಗಳಲ್ಲಿ ನಾನಾಡುವ ಮೊದಲ ಮಾತು ಅಂಗಡಿಯಲ್ಲಿ ಸೋಪು ಕೇಳುವಾಗ ಹೊರಡುತ್ತದೆ, ಆಗ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತದೆ.

ಮಣಿಪಾಲದ ತರಬೇತಿಯಲ್ಲೂ ಅದೇ ಕಥೆ. ಚಹಾದ ಹೊತ್ತಿಗೆ ಪಶು ಇಲಾಖೆಯವರು ಒಂದು ಕಡೆ, ಪೊಲೀಸರು ಇನ್ನೊಂದು ಕಡೆ. ಪೊಲೀಸರಲ್ಲಿ ಹೆಂಗಸು ನಾನೊಬ್ಬಳೇ. ಗಂಡಸರ ಗುಂಪಿನಲ್ಲಿ ಯಾವುದೋ ಪೋಲಿ ತಮಾಷೆ ಅರ್ಧಕ್ಕೆ ಬಂದಿದ್ದಾಗ ನಾನು ಹತ್ತಿರ ಹೋದೆನೆಂದರೆ ಅದು ಬಾಕಿ ಅರ್ಧ ನುಂಗಿಕೊಂಡು ಹವಾಮಾನದ ಸುದ್ದಿಯಾಗುತ್ತಿತ್ತು. ನಾನು ಬಿಸ್ಕೂಟು ಹಿಡಿದು ಹೊರಗಿನ ಮೆಟ್ಟಿಲಲ್ಲಿ ಕೂತೆ. ಅಲ್ಲಿಂದ ದೂರದಲ್ಲಿ ಕಡಲಿನ ಗೆರೆ ಕಾಣುತ್ತದೆ. ನೋಡಲು ಚಂದವೇ.

ತರಬೇತಿ ಕೊಡುತ್ತಿದ್ದವರು ಡಾಕ್ಟರ್ ವಿಲ್ಮಾ. ದನಗಳ ಡಾಕ್ಟರು, ಗಿಡ್ಡ ದೇಹ, ದೊಡ್ಡ ದನಿ. ಮೊದಲ ದಿನವೇ ಅವರು ಹೇಳಿದ ಮಾತು ನನಗೆ ಸರಿ ಕಂಡಿತು. "ನಮ್ಮ ಊರಿನಲ್ಲಿ ದನ ಕಳವಾದರೆ ಕಳ್ಳನ ಹೆಸರು ದೂರಿಗಿಂತ ಮೊದಲೇ ಠಾಣೆಗೆ ಬಂದು ಕೂತಿರುತ್ತದೆ. ನೀವು ಆ ಹೆಸರಿಗೆ ಸಾಕ್ಷಿ ಹುಡುಕಲಿಕ್ಕೆ ಹೊರಡುತ್ತೀರಿ. ಹಾಗೆ ಮಾಡಬೇಡಿ ಮಾರಾಯ್ರೆ. ಮೊದಲು ದನ ಕಟ್ಟುವ ಹಟ್ಟಿ ನೋಡಿ." ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ, ನನ್ನ ಚೀಲದಲ್ಲೇ ಅಂಥದೊಂದು ಹೆಸರು ಬೆಚ್ಚಗೆ ಕೂತಿದ್ದರೂ.

ಮರುದಿನ ಕಾರ್ಕಳದ ಹತ್ತಿರ ಒಂದು ಹಟ್ಟಿಗೆ ಕರೆದುಕೊಂಡು ಹೋಗಿ ದನದ ಮೂಗಿನ ಅಚ್ಚು ತೆಗೆಯುವುದನ್ನು ಕಲಿಸಿದರು. ನಮ್ಮ ಬೆರಳಿನ ಗುರುತು ಹೇಗೋ ದನದ ಮೂಗಿನ ಗೆರೆಗಳೂ ಹಾಗೇ, ಒಂದರಂತೆ ಇನ್ನೊಂದಿಲ್ಲ. ಕಿವಿಯ ಹಳದಿ ಬಿಲ್ಲೆ ಕತ್ತರಿಸಿ ಎಸೆಯಬಹುದು, ಮೂಗು ಎಸೆಯಲಾಗುವುದಿಲ್ಲ. ಕೇಳಲು ಸುಲಭ. ಒರೆಸಿ ಒಣಗಿಸಿ ಶಾಯಿ ಹಚ್ಚಿ ಕಾಗದ ಒತ್ತುವಷ್ಟರಲ್ಲಿ ದನ ಉದ್ದನೆಯ ನಾಲಗೆ ಚಾಚಿ ಎಲ್ಲವನ್ನೂ ನೆಕ್ಕಿಬಿಡುತ್ತಿತ್ತು. ನನ್ನ ಖಾಕಿಯ ತೋಳಿಗೂ ಶಾಯಿ ಮೆತ್ತಿತು. ನಾನು ಅದರ ಕತ್ತು ತಬ್ಬಿ ಹಿಡಿದುಕೊಂಡಿದ್ದೆ. ಬಿಸಿ ಮೈ, ಹುಲ್ಲಿನ ವಾಸನೆಯ ಉಸಿರು. ನಾಚಿಕೆ ಬಿಟ್ಟು ಹೇಳುತ್ತೇನೆ, ಜೀವವಿರುವ ಒಂದು ಮೈಯನ್ನು ತಬ್ಬಿಕೊಂಡು ವರ್ಷಗಳೇ ಆಗಿದ್ದವು. ಅಚ್ಚು ಸರಿಯಾಗಿ ಬಂದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಕೊನೆಯ ದಿನ ಪ್ರತಿಯೊಬ್ಬರೂ ತಮ್ಮ ಠಾಣೆಯ ಬಾಕಿ ಪ್ರಕರಣವೊಂದರ ಫೋಟೋ ತೋರಿಸಿ ತನಿಖೆಯನ್ನು ವಿವರಿಸಬೇಕಿತ್ತು. ನನ್ನದು ಅಪೊಲೋನಿಯಾ ಬಾಯಮ್ಮನ ದನದ ಪ್ರಕರಣ.

ಅಪೊಲೋನಿಯಾ ಇರುವುದು ಕಾಪುವಿನಿಂದ ಒಳಗೆ, ಕಾರ್ಕಳದ ದಾರಿಯಲ್ಲಿ ಒಂದು ಪುಟ್ಟ ಊರಿನಲ್ಲಿ. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸು, ಊರಿನ ಎಲ್ಲರಿಗೂ ಬಾಯಮ್ಮ. ಗಂಡ ಇಮ್ಯಾನುಯೆಲ್ ಬಹರೈನಿನಲ್ಲಿ ದುಡಿದು ಬಂದು, ಊರಿಗೆ ಒಗ್ಗುವ ಮೊದಲೇ ತೀರಿಕೊಂಡಿದ್ದರು. ಮಕ್ಕಳಿಲ್ಲ. ಹಟ್ಟಿಯಲ್ಲಿ ರೋಜಿ ಎಂಬ ದನವಿತ್ತು, ಒಂದು ಬೆಳಗ್ಗೆ ಅದು ಇಲ್ಲ. ದೂರು ಕೊಡಲು ಆಕೆಯನ್ನು ಠಾಣೆಗೆ ಕರೆತಂದವರು ನೆರೆಯ ಸರ್ವೋತ್ತಮ. ಅವರ ಹಿಂದೆ ಊರಿನ ಹುಡುಗರ ದಂಡು. ದೂರಿನಲ್ಲಿ ಬಾಯಮ್ಮ ಹೇಳಿದ್ದು ಎರಡು ಮಾತು, ಬಾಕಿಯದೆಲ್ಲ ಸರ್ವೋತ್ತಮರೇ ಹೇಳಿದರು. ಹೆಸರನ್ನೂ ಅವರೇ ಕೊಟ್ಟರು: ಸ್ಟೀವನ್. ಹೆಜಮಾಡಿಯವನು, ಮಲ್ಪೆಯಿಂದ ಮೀನಿನ ಪೆಟ್ಟಿಗೆ ಸಾಗಿಸುವ ಟೆಂಪೋ ಓಡಿಸುತ್ತಾನೆ. ಆ ದಿನ ಬೆಳಗಿನ ಜಾವ ಅವನ ಟೆಂಪೋ ಆ ರಸ್ತೆಯಲ್ಲಿ ಕಂಡಿತ್ತು. ಹಿಂದೊಮ್ಮೆ ಪಶುವೈದ್ಯರ ಪ್ರಮಾಣಪತ್ರವಿಲ್ಲದೆ ಕರು ಸಾಗಿಸಿ ಸಿಕ್ಕಿಬಿದ್ದವನು. ಇನ್ನೇನು ಬೇಕು? ಕೇಳಿದರೆ ಅವನು "ನನಗೆ ಗೊತ್ತಿಲ್ಲ ಮೇಡಂ" ಎಂದು ನೆಲ ನೋಡಿದ. ನೆಲ ನೋಡುವವನು ಕಳ್ಳ ಎಂದು ನಾನೂ ತೀರ್ಮಾನಿಸಿದ್ದೆ. ಅವನ ಟೆಂಪೋದ ಗಾಜನ್ನು ಯಾರೋ ಆಗಲೇ ಒಡೆದಿದ್ದರು. ತರಬೇತಿ ಮುಗಿದ ಮರುದಿನ ಅವನನ್ನು ಬಂಧಿಸುವುದೆಂದು ನಮ್ಮ ಸಬ್ ಇನ್ಸ್‌ಪೆಕ್ಟರ್ ಪ್ರಖ್ಯಾತ್ ಹೇಳಿದ್ದರು.

ಇದನ್ನೆಲ್ಲ ವಿವರಿಸುತ್ತಾ ನಾನು ಪರದೆಯ ಮೇಲೆ ಹಟ್ಟಿಯ ಫೋಟೋ ಹಾಕಿಸಿದೆ. ಖಾಲಿ ಗೋದಲಿ, ಬೋರಲು ಹಾಕಿದ ಅಕ್ಕಚ್ಚಿನ ಬಕೆಟು, ಹಿಂದಿನ ಗೋಡೆ. ಡಾಕ್ಟರ್ ವಿಲ್ಮಾ ಎದ್ದು ಪರದೆಯ ಹತ್ತಿರ ಹೋದರು.

"ಆ ಮೊಳೆಯಲ್ಲಿ ಎಂತ ಉಂಟು ಬೇಬಿ?"

"ಹಗ್ಗ, ಡಾಕ್ಟ್ರೆ."

"ಯಾವ ಹಗ್ಗ?"

ನಾನು ನೋಡಿದೆ. ಕತ್ತಿನ ಹಗ್ಗ. ಗಂಟೆ ಅದರಲ್ಲೇ ಇತ್ತು. ಗಂಟು ಕತ್ತರಿಸಿರಲಿಲ್ಲ, ತಾಳ್ಮೆಯಿಂದ ಬಿಚ್ಚಿದ್ದರು. ತೊಳೆದು, ಸುತ್ತಿ, ಮೊಳೆಗೆ ತೂಗುಹಾಕಿದ್ದರು.

ಹಿಂದಿನ ಸಾಲಿನವರೂ ಎದ್ದು ಪರದೆ ನೋಡಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ದನ ಸಾಕಿದ ಮನೆಯಲ್ಲೇ ಹುಟ್ಟಿದವರು. ನಮ್ಮ ಕಡೆ ದನ ಮಾರಿದರೂ, ಸುಮ್ಮನೆ ಕೊಟ್ಟರೂ, ಹಗ್ಗ ಕೊಡುವುದಿಲ್ಲ. ಕೊಂಡುಹೋಗುವವರು ತಮ್ಮ ಹಗ್ಗ ತರಬೇಕು. ಹಳೆಯದನ್ನು ಮನೆಯವರೇ ಬಿಚ್ಚಿ ತೊಳೆದು ಹಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹಗ್ಗವೂ ಹೋದರೆ ಹಟ್ಟಿಯ ಭಾಗ್ಯ ಹೋಗುತ್ತದೆಂಬ ನಂಬಿಕೆ. ಹಿಂದೂಗಳ ಮನೆಯಲ್ಲೂ ಅಷ್ಟೇ, ಕ್ರೈಸ್ತರ ಮನೆಯಲ್ಲೂ ಅಷ್ಟೇ. ಕಳ್ಳನಿಗೆ ಯಾರ ಹಟ್ಟಿಯ ಭಾಗ್ಯ ಕಟ್ಟಿಕೊಂಡು ಏನಾಗಬೇಕು? ಅವನು ಹಗ್ಗ ಹಿಡಿದೇ ಎಳೆಯುತ್ತಾನೆ, ಅವಸರವಾದರೆ ಕೊಯ್ಯುತ್ತಾನೆ.

ಫೋಟೋ ತೆಗೆದವಳು ನಾನೇ. ನನ್ನ ಅಮ್ಮ ದನ ಮಾರಿದ ದಿನ ಹಗ್ಗ ತೊಳೆಯುತ್ತಾ ಕಣ್ಣೊರೆಸಿಕೊಂಡದ್ದನ್ನು ಬಾಗಿಲಲ್ಲಿ ನಿಂತು ನೋಡಿದವಳೂ ನಾನೇ. ಆದರೆ ಆ ಹಟ್ಟಿಯಲ್ಲಿ ನಾನು ಹುಡುಕಿದ್ದು ಸ್ಟೀವನ್‌ನನ್ನು. ಅವನಿಗೆ ಸಂಬಂಧಪಡದ್ದು ಯಾವುದೂ ನನಗೆ ಕಾಣಲಿಲ್ಲ. ಡಾಕ್ಟರ್ ವಿಲ್ಮಾ ನನ್ನನ್ನು ಗೇಲಿ ಮಾಡಲಿಲ್ಲ. "ಇವತ್ತೇ ಹೋಗಿ ಬನ್ನಿ" ಎಂದರು, ಅಷ್ಟೇ. ಪ್ರಮಾಣಪತ್ರ ಹಂಚುವ ಮೊದಲೇ ನಾನು ಬಸ್ಸು ಹಿಡಿದೆ.

ಬಾಯಮ್ಮನ ಅಂಗಳಕ್ಕೆ ಹೋದಾಗ ಮಧ್ಯಾಹ್ನ ಕಳೆದಿತ್ತು. ಮನೆ ಗುಡಿಸಿ ಒಪ್ಪವಾಗಿತ್ತು. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಒಳಗೆ ಮೇಜಿನ ಮೇಲೆ ಬಿಸ್ಕೂಟಿನ ಪೊಟ್ಟಣಗಳು, ಪ್ಯಾಕೆಟ್ ಹಾಲು. ಮೊದಲ ಸಲ ಹೋದಾಗಲೂ ಇವೆಲ್ಲ ಇದ್ದವು. ಎಷ್ಟು ಮರ್ಯಾದೆಯ ಹೆಂಗಸು ಈಕೆ ಎಂದು ಆಗ ನಾನು ಅಂದುಕೊಂಡಿದ್ದೆ.

"ಬನ್ನಿ ಬನ್ನಿ ಮೇಡಂ. ಚಾ ಮಾಡ್ತೇನೆ. ಕಳ್ಳ ಸಿಕ್ಕಿದನಾ?"

"ಚಾ ಆಮೇಲೆ. ಒಮ್ಮೆ ಹಟ್ಟಿಗೆ ಬನ್ನಿ ಬಾಯಮ್ಮ."

ಆಕೆ ಗೋಡೆ ಹಿಡಿದುಕೊಂಡು ಬಂದಳು, ಮೊಣಕಾಲು ಬಗ್ಗುತ್ತಿರಲಿಲ್ಲ. ನಾನು ಮೊಳೆಯಿಂದ ಹಗ್ಗ ತೆಗೆದು ಆಕೆಯ ಕೈಯಲ್ಲಿಟ್ಟೆ. ಗಂಟೆ ಒಮ್ಮೆ ಸದ್ದು ಮಾಡಿತು. ಹೆಚ್ಚೇನೂ ಕೇಳಬೇಕಾಗಲಿಲ್ಲ. ಆಕೆ ಗೋದಲಿಯ ಅಂಚಿಗೆ ಒರಗಿ ನಿಂತಳು.

"ಎಲ್ಲಿಗೆ ಕೊಟ್ಟಿರಿ?"

"ಹೆಬ್ರಿಗೆ. ನಮ್ಮವರ ಸ್ನೇಹಿತ ಜೋಕಿಮ್ ಅಂತ ಉಂಟಲ್ಲ, ಅವರ ಮನೆಗೆ. ಅಲ್ಲಿ ತುಂಬ ದನ ಉಂಟು." ಖಾಲಿ ಗೋದಲಿ ತೋರಿಸಿ ಹೇಳಿದಳು, "ಇಲ್ಲಿ ಮೊದಲು ಎರಡಿತ್ತು ಮೇಡಂ. ಮಳೆಗಾಲದಲ್ಲಿ ದೊಡ್ಡದು ಸತ್ತಿತು. ಆಮೇಲೆ ರೋಜಿ ದಿನವಿಡೀ ಕೂಗುವುದು. ಮೇವು ಹಾಕಿದರೂ ಕೂಗುವುದು, ನಾನು ಹತ್ತಿರ ಕೂತರೂ ಕೂಗುವುದು. ದನಕ್ಕೆ ದನವೇ ಬೇಕಂತೆ. ನನಗೂ ಇನ್ನು ಕೂತು ಹಾಲು ಕರೆಯಲಿಕ್ಕೆ ಆಗುವುದಿಲ್ಲ. ಹಾಗೆ ಕೊಟ್ಟೆ."

"ಸ್ಟೀವನ್ ಕೊಂಡುಹೋದದ್ದಾ?"

"ಹೌದು. ಟೆಂಪೋ ತೊಳೆದು, ಬೈಹುಲ್ಲು ಹಾಸಿ ಕೊಂಡುಹೋದ. ಬಾಡಿಗೆ ತಗೊಳ್ಳಲಿಲ್ಲ."

"ಡಾಕ್ಟರ ಕಾಗದ ಮಾಡಿಸಲಿಲ್ಲ?"

"ಅದೆಲ್ಲ ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತೋ ಏನೋ."

ಗೊತ್ತಿತ್ತು. ಅದಕ್ಕೇ ಅವನು ನೆಲ ನೋಡಿದ್ದು. ಕಾಗದವಿಲ್ಲದೆ ದನ ಸಾಗಿಸಿದೆ ಎಂದು ಎರಡನೆಯ ಸಲ ಒಪ್ಪಿಕೊಂಡರೆ ಟೆಂಪೋ ಹೋಗುತ್ತದೆ, ಹುಡುಗರ ಕೈಗೆ ಸಿಕ್ಕಿದರೆ ಮೈಯೂ ಹೋಗುತ್ತದೆ. ನನಗೆ ಮೈ ಉರಿಯಿತು.

"ಕೊಟ್ಟದ್ದನ್ನು ಕೊಟ್ಟೆ ಅಂತ ಹೇಳಲಿಕ್ಕೆ ಎಂತ ಬಾಯಮ್ಮ ನಿಮಗೆ? ಅವನನ್ನು ನಾಳೆ ಒಳಗೆ ಹಾಕುತ್ತಾರೆ, ಗೊತ್ತುಂಟಾ?"

"ನಾನು ಅವನ ಹೆಸರು ಹೇಳಲಿಲ್ಲ ಮೇಡಂ."

"ಹೇಳಲಿಲ್ಲ. ಅವನಲ್ಲ ಅಂತಲೂ ಹೇಳಲಿಲ್ಲ."

ಆಕೆ ಹಗ್ಗವನ್ನು ಸುತ್ತುತ್ತಾ ಬಿಚ್ಚುತ್ತಾ ನಿಂತಳು. ಆಮೇಲೆ ಹೇಳಿದ್ದನ್ನು ನಾನು ಹೇಳಿಕೆಯಲ್ಲಿ ಹಾಗೇ ಬರೆದುಕೊಳ್ಳಲಿಲ್ಲ, ಬರೆಯಲು ಮನಸ್ಸಾಗಲಿಲ್ಲ. ರೋಜಿ ಹೋದ ದಿನವೇ ಬೆಳಗ್ಗೆ ಸರ್ವೋತ್ತಮ ಯಾವತ್ತಿನಂತೆ ಹಾಲಿಗೆ ಬಂದಿದ್ದರು. ಯಾವತ್ತೂ ಬೇಲಿಯ ಹೊರಗೇ ನಿಂತು ಪಾತ್ರೆ ಚಾಚುವವರು. "ದನ ಇಲ್ಲ" ಎಂದಳು ಬಾಯಮ್ಮ. "ಕಳವಾಯ್ತಾ?" ಎಂದು ಅವರು ಗಾಬರಿಯಿಂದ ಒಳಗೆ ಬಂದರು. ಆಕೆ ಉತ್ತರ ಹೇಳುವ ಮೊದಲೇ ಜಗಲಿಯಲ್ಲಿ ಕೂತರು. ಕೂತು, "ನೀವು ಹೆದರಬೇಡಿ ಬಾಯಮ್ಮ, ನಾವೆಲ್ಲ ಇದ್ದೇವೆ" ಎಂದರು.

"ಇಷ್ಟು ವರ್ಷದಲ್ಲಿ ಅವರು ನಮ್ಮ ಜಗಲಿಯಲ್ಲಿ ಕೂತದ್ದು ಅದೇ ಮೊದಲು ಮೇಡಂ. ಮಧ್ಯಾಹ್ನಕ್ಕೆ ಎಲ್ಲರೂ ಬಂದರು. ನಾನು ತಿಂದೆನಾ ಅಂತ ಕೇಳಿದರು. ನಮ್ಮವರು ತೀರಿಹೋದಾಗಲೂ ಅಷ್ಟು ಜನ ಬರಲಿಲ್ಲ. ಕೊಟ್ಟೆ ಅಂದಿದ್ದರೆ ಯಾರು ಬರ್ತಿದ್ದರು? ಹಾಲಿಗೆ ಬರುವವರೂ ನಿಲ್ಲುತ್ತಿದ್ದರು. ಒಂದು ದಿವಸ ಬರಲಿ ಅಂತ ಸುಮ್ಮನಿದ್ದೆ. ನಾಳೆ ಹೇಳುವ ಅಂತ. ನಾಳೆಯೂ ಬಂದರು."

ನಾನು ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಯಾಕೆಂದರೆ ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು. ಯಾರಾದರೂ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ತಿಂದೆಯಾ ಎಂದು ಕೇಳಿದರೆ, ಅವರನ್ನು ಉಳಿಸಿಕೊಳ್ಳಲು ನಾನು ಯಾವ ಸುಳ್ಳಿಗೆಲ್ಲ ಸುಮ್ಮನಿದ್ದುಬಿಟ್ಟೇನು ಎಂದು ಯೋಚಿಸಿ ಹೆದರಿಕೆಯಾಯಿತು.

ಇನ್ನೊಂದು ದಾರಿಯಿತ್ತು. ಕಳ್ಳ ಪತ್ತೆಯಾಗಲಿಲ್ಲ ಎಂದು ಬರೆದು ಪ್ರಕರಣ ಮುಚ್ಚಬಹುದಿತ್ತು. ಪ್ರಖ್ಯಾತ್ ಸರ್ ಒಪ್ಪಿಯೂ ಬಿಡುತ್ತಿದ್ದರೇನೋ. ಬಾಯಮ್ಮನ ಜಗಲಿ ತುಂಬಿಯೇ ಇರುತ್ತಿತ್ತು. ಆದರೆ ಗಾಜು ಒಡೆದ ಹುಡುಗರು ನಮ್ಮ ವರದಿ ಓದುವವರಲ್ಲ. ಅವರ ಲೆಕ್ಕದಲ್ಲಿ ಸ್ಟೀವನ್ ಕಳ್ಳನೇ, ಯಾವುದೋ ತಿರುವಿನಲ್ಲಿ ಅವನಿಗಾಗಿ ಕಾಯುತ್ತಲೇ ಇರುತ್ತಿದ್ದರು.

"ನಾಳೆ ಸರ್‌ನ್ನು ಕರ್ಕೊಂಡು ಬರ್ತೇನೆ. ಎಲ್ಲರ ಎದುರು ನೀವೇ ಹೇಳಬೇಕು" ಎಂದೆ.

"ಎಲ್ಲರ ಎದುರಾ?"

"ಎಲ್ಲರ ಎದುರು."

ಆಕೆ ಹಗ್ಗವನ್ನು ಮತ್ತೆ ಒಪ್ಪವಾಗಿ ಸುತ್ತಿದಳು. ಆಮೇಲೆ ಅದನ್ನು ಮೊಳೆಗೆ ಹಾಕಿ, "ಆಯ್ತು. ಆ ಹುಡುಗನಿಗೆ ಏನೂ ಆಗಬಾರದು" ಎಂದಳು. ಅವತ್ತು ನಾನು ಚಹಾ ಕುಡಿಯದೆ ಬಂದೆ. ಪ್ರಖ್ಯಾತ್ ಸರ್‌ಗೆ ಫೋನಿನಲ್ಲೇ ಎಲ್ಲವನ್ನೂ ಹೇಳಿದೆ. ಅವರು ಮೊದಲು ಬೈದರು, ಆಮೇಲೆ ಬಂಧಿಸುವುದನ್ನು ನಿಲ್ಲಿಸಿದರು.

ಮರುದಿನ ಬೆಳಗ್ಗೆ ಅಂಗಳ ತುಂಬಿತ್ತು. ಜೀಪು ಬಂತೆಂದರೆ ಕಳ್ಳ ಸಿಕ್ಕಿದ ಎಂದೇ ಜನರ ಅಂದಾಜು. ಬಾಯಮ್ಮ ಎಲ್ಲರಿಗೂ ಚಹಾ ಕೊಟ್ಟಳು. ಇಗರ್ಜಿಗೆ ಹೋಗುವಾಗ ಉಡುವ ಸೀರೆ ಉಟ್ಟಿದ್ದಳು. ಸ್ಟೀವನ್ ಗೇಟಿನ ಹತ್ತಿರ ನಮ್ಮ ಕಾನ್‌ಸ್ಟೆಬಲ್ ಪಕ್ಕದಲ್ಲಿ ನಿಂತಿದ್ದ. ಎಲ್ಲರ ಕೈಗೂ ಲೋಟ ಬಂದ ಮೇಲೆ ಆಕೆ ಜಗಲಿಯ ಕಂಬ ಹಿಡಿದು ಹೇಳಿದಳು. ಹೆಚ್ಚು ಮಾತಿಲ್ಲ. ದನ ಕಳವಾಗಲಿಲ್ಲ, ನಾನೇ ಹೆಬ್ರಿಗೆ ಕೊಟ್ಟೆ, ಸ್ಟೀವನ್ ನನ್ನ ಮಾತಿಗೆ ಕೊಂಡುಹೋದದ್ದು, ಅವನ ತಪ್ಪಿಲ್ಲ, ನನ್ನ ತಪ್ಪು. ಯಾಕೆ ಎಂದು ಸರ್ವೋತ್ತಮ ಕೇಳಿದರು. ಹಟ್ಟಿಯಲ್ಲಿ ನನಗೆ ಹೇಳಿದ್ದನ್ನು ಆಕೆ ಅಲ್ಲಿ ಹೇಳಲಿಲ್ಲ. "ಬುದ್ಧಿ ಇರಲಿಲ್ಲ" ಎಂದಳು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಸರ್ವೋತ್ತಮ ಅರ್ಧ ಕುಡಿದ ಲೋಟವನ್ನು ಕುರ್ಚಿಯ ಕೆಳಗಿಟ್ಟು ಎದ್ದರು. "ನಿಮಗೋಸ್ಕರ ಠಾಣೆಯ ಮೆಟ್ಟಿಲು ಹತ್ತಿದೆನಲ್ಲ ಬಾಯಮ್ಮ" ಎಂದು ಹೊರಟರು. ಹುಡುಗರು ಮೊಬೈಲು ನೋಡುತ್ತಾ ಅವರ ಹಿಂದೆ ಹೋದರು. ಗಾಜು ಒಡೆದವನು ಯಾರೆಂಬ ಮಾತು ಬಂದೀತೆಂದು ಅವಸರವಿತ್ತೋ ಏನೋ. ಹೆಂಗಸರು ಸ್ವಲ್ಪ ಹೊತ್ತು ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಡುಗೆಯ ನೆಪ ಹೇಳಿ ಹೋದರು.

ಪ್ರಖ್ಯಾತ್ ಸರ್ ಸುಳ್ಳು ದೂರಿಗೆ ಏನೇನು ಶಿಕ್ಷೆಯುಂಟೆಂದು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಮೆಲ್ಲಗೆ, ತಪ್ಪು ತಿಳಿವಳಿಕೆಯಿಂದ ಆದ ದೂರು ಎಂದು ಬಿ ರಿಪೋರ್ಟ್ ಹಾಕಿ ಪ್ರಕರಣ ಮುಗಿಸುವ ಎಂದರು. ಕಾಗದವಿಲ್ಲದೆ ಸಾಗಿಸಿದ ಪ್ರಕರಣ ಸ್ಟೀವನ್ ಮೇಲೆ ಬೇರೆಯೇ ಆಯಿತು. ಅದನ್ನು ತಪ್ಪಿಸಲು ನನ್ನಿಂದ ಆಗಲಿಲ್ಲ, ಆಗಬಾರದು ಕೂಡ. ಹೊರಡುವಾಗ ಬಾಯಮ್ಮ "ಮಗಾ" ಎಂದು ಕರೆದಳು. ಅವನು ತಿರುಗಿ ನೋಡಲಿಲ್ಲ. ಕಳ್ಳನಲ್ಲ ಎಂದು ಊರಿಗೆಲ್ಲ ತಿಳಿದ ದಿನವೂ ಅವನು ನೆಲ ನೋಡುತ್ತಲೇ ಹೋದ.

ಸರ್ ಜೀಪು ಹತ್ತಿದರು. ನನಗೆ ಒಂದು ಸಹಿ ಬಾಕಿಯುಂಟು, ಬಸ್ಸಿನಲ್ಲಿ ಬರುತ್ತೇನೆ ಎಂದೆ. ಅದನ್ನು ಹಾಕಿಸಿಕೊಂಡದ್ದೂ ಆಯಿತು. ಅಂಗಳದ ತುಂಬ ಕುರ್ಚಿಗಳಿದ್ದವು. ಬಾಯಮ್ಮ ಒಂದರ ಮೇಲೊಂದು ಪೇರಿಸಲು ಹೋದಳು, ಮೊಣಕಾಲು ಬಿಡಲಿಲ್ಲ. ನಾನು ಪೇರಿಸಿದೆ. ಲೋಟಗಳನ್ನು ತೊಳೆಯುವ ಕಲ್ಲಿಗೆ ಸಾಗಿಸಿದೆ. ಹೆಚ್ಚಿನವು ಅರ್ಧರ್ಧ ತುಂಬಿಯೇ ಇದ್ದವು.

"ಇನ್ನು ಕೇಳಲಿಕ್ಕೆ ಏನೂ ಇಲ್ಲ ಅಲ್ವಾ ಮೇಡಂ?" ಎಂದಳು ಬಾಯಮ್ಮ. ನನ್ನ ಮುಖ ನೋಡದೆ ಕೇಳಿದಳು.

ಏನೂ ಇರಲಿಲ್ಲ. ಪ್ರಕರಣ ಮುಗಿದಿತ್ತು. ಆ ಅಂಗಳದಿಂದ ಹೊರಗೆ ಕಾಲಿಟ್ಟರೆ ಮತ್ತೆ ಅಲ್ಲಿಗೆ ಬರಲು ನನಗೆ ಯಾವ ಕಾರಣವೂ ಇರಲಿಲ್ಲ, ಯಾರಿಗೂ ಇರಲಿಲ್ಲ.

"ಉಂಟು. ಇನ್ನೊಂದು ಸಹಿ ಬೇಕಾಗ್ತದೆ. ಆದಿತ್ಯವಾರ ಬರ್ತೇನೆ" ಎಂದೆ.

ಬಾಯಮ್ಮ ಲೋಟ ತೊಳೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆದಿತ್ಯವಾರ ಯಾವ ಕಚೇರಿಯೂ ಸಹಿ ಕೇಳುವುದಿಲ್ಲ ಎನ್ನುವುದು ಆಕೆಗೂ ಗೊತ್ತಿತ್ತು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಹಾಗಾದ್ರೆ ಮೇಡಂ," ಎಂದಳು, "ಸಹಿ ಎಲ್ಲ ಒಂದೇ ದಿವಸ ತಗೊಳ್ಳಬೇಡಿ."